ತೇಪೆಗಳ ಸರಣಿ: ಲಿನಕ್ಸ್ ಕರ್ನೆಲ್ಲಿನ ಬೆಳವಣಿಗೆಯಲ್ಲಿ ಒಂದು ಪದ್ಧತಿಯ ಉಗಮವೂ ಅದರ ಐತಿಹಾಸಿಕ ಮೌಲ್ಯವೂ

1

ಬಹುಜನರು ಕೂಡಿ ಕಟ್ಟುವ ಯಾವುದೇ ದೊಡ್ಡ ಕೃತಿಯ ಚರಿತ್ರೆಯಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಏಳುತ್ತವೆ. ಹೊಸದಾಗಿ ಬಂದವನ ಕೆಲಸವನ್ನು ಹಳಬರು ಯಾವ ಆಧಾರದ ಮೇಲೆ ನಂಬಬೇಕು ಎಂಬುದು ಮೊದಲನೆಯದು. ಆ ಕೆಲಸ ಹೇಗೆ ನಡೆಯಿತೆಂಬುದನ್ನು ಮುಂದಿನವರು ಯಾವ ದಾಖಲೆಯಿಂದ ತಿಳಿಯಬೇಕು ಎಂಬುದು ಎರಡನೆಯದು. ಗಣಕಯಂತ್ರಗಳ ತಂತ್ರಾಂಶವೂ ಇದಕ್ಕೆ ಹೊರತಲ್ಲ.

ಮುಕ್ತ ತಂತ್ರಾಂಶವೆಂದು ಕರೆಯಲಾಗುವ ಬಗೆಯಲ್ಲಿ, ಯಂತ್ರಕ್ಕೆ ಕೊಡುವ ಆದೇಶಗಳ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು. ಆದರೆ ಆ ತಿದ್ದುಪಡಿ ಪ್ರಧಾನ ಪ್ರತಿಯಲ್ಲಿ ಸೇರಬೇಕಾದರೆ ಅದರ ಉಸ್ತುವಾರಿ ಹೊತ್ತವರು ಓದಿ ಒಪ್ಪಬೇಕು. ಹೀಗೆ ಒಪ್ಪಿಗೆಗಾಗಿ ಕಳುಹಿಸುವ ತಿದ್ದುಪಡಿಗೆ ‘ಪ್ಯಾಚ್’, ಎಂದರೆ ತೇಪೆ, ಎಂದು ಹೆಸರು. ಒಂದೇ ಉದ್ದೇಶದ ಸಿದ್ಧಿಗಾಗಿ, ಹಿಂದಿನದರ ಮೇಲೆ ಮುಂದಿನದು ನಿಲ್ಲುವಂತೆ ಕ್ರಮವಾಗಿ ಜೋಡಿಸಿ ಕಳುಹಿಸುವ ಹಲವು ತೇಪೆಗಳೇ ‘ಸರಣಿ’.

ಲಿನಕ್ಸ್ ಎಂಬ ಕಾರ್ಯನಿರ್ವಹಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಸರಣಿಯ ಪದ್ಧತಿ ಪಕ್ವವಾಗಿ ಬೆಳೆದುದು ಈ ಕರ್ನೆಲ್ಲಿನ ನಿರ್ಮಾಣದಲ್ಲಿ. ಆ ಪದ್ಧತಿ ಹೇಗೆ ಹುಟ್ಟಿತು, ಏಕೆ ಕಡ್ಡಾಯವಾಯಿತು, ಅದರಿಂದ ಯಾರಿಗೆ ಲಾಭ ಮತ್ತು ಯಾರಿಗೆ ನಷ್ಟವಾಯಿತು ಎಂಬುದನ್ನು ವಿವೇಚಿಸುವುದು ಪ್ರಕೃತ ಪ್ರಬಂಧದ ಉದ್ದೇಶ. ಸರಣಿಯ ರೂಪವನ್ನು ನಿರ್ಧರಿಸಿದ್ದು ಯಂತ್ರದ ಅಗತ್ಯಕ್ಕಿಂತ ಹೆಚ್ಚಾಗಿ ಓದುವವನ ಅಲ್ಪಾವಕಾಶವೆಂದು ಇಲ್ಲಿ ತೋರಿಸಲು ಪ್ರಯತ್ನಿಸಲಾಗಿದೆ. ಇದು ನಿಜವಾದರೆ, ಸರಣಿಯನ್ನು ನಡೆದ ಕೆಲಸದ ದಿನಚರಿಯೆಂದು ಭಾವಿಸದೆ, ಓದುಗನನ್ನು ಒಪ್ಪಿಸಲು ರಚಿಸಿದ ವಾದವೆಂದೇ ಇತಿಹಾಸದ ವಿದ್ಯಾರ್ಥಿಯು ಪರಿಗಣಿಸಬೇಕಾಗುತ್ತದೆ.

2

ತೇಪೆ ಎಂಬ ಮಾತು ಇಲ್ಲಿ ಮೊದಲು ರೂಪಕವಾಗಿರಲಿಲ್ಲ. 1944ರಲ್ಲಿ ಕೆಲಸಕ್ಕೆ ತೊಡಗಿದ ಹಾರ್ವರ್ಡ್ ಮಾರ್ಕ್ 1 ಯಂತ್ರಕ್ಕೆ ಆದೇಶಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆದು ಕೊಡುತ್ತಿದ್ದರು. ತಪ್ಪು ರಂಧ್ರ ಬಿದ್ದಾಗ ಅದರ ಮೇಲೆ ಕಾಗದದ ಚೂರನ್ನು ಅಂಟಿಸಿ ಮುಚ್ಚುತ್ತಿದ್ದರು. ಅಂತಹ ತೇಪೆಗಳಿರುವ ಪಟ್ಟಿ ಇಂದಿಗೂ ಉಳಿದಿದೆ. ಮುಂದೆ ಪಟ್ಟಿಗಳು ಹೋದರೂ ಹೆಸರು ನಿಂತಿತು.

ಇಂದಿನ ಅರ್ಥದ ತೇಪೆಗೆ ಎರಡು ಉಪಕರಣಗಳು ಬೇಕಾದವು. ಎರಡು ಪಾಠಗಳ ನಡುವಣ ವ್ಯತ್ಯಾಸವನ್ನು ಕಂಡುಹಿಡಿಯುವುದು ಒಂದು; ಆ ವ್ಯತ್ಯಾಸದ ಪಟ್ಟಿಯನ್ನು ಇನ್ನೊಂದು ಪ್ರತಿಗೆ ಅನ್ವಯಿಸುವುದು ಮತ್ತೊಂದು. ಮೊದಲನೆಯದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ಲಾಸ್ ಮೆಕಿಲ್‌ರಾಯ್ ಅವರು ‘ಡಿಫ್’ ಎಂಬ ಹೆಸರಿನಿಂದ ರಚಿಸಿದರು. 1974ರ ಯುನಿಕ್ಸ್ ಐದನೆಯ ಆವೃತ್ತಿಯಲ್ಲಿ ಅದು ಸೇರಿತು. ಅದರ ಗಣಿತಕ್ರಮವನ್ನು ಜೇಮ್ಸ್ ಹಂಟ್ ಅವರೊಡನೆ ಬರೆದ 1976ರ ವರದಿಯಲ್ಲಿ ವಿವರಿಸಿದರು. ಎರಡನೆಯ ಉಪಕರಣಕ್ಕೆ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. 1985ರ ಮೇ ತಿಂಗಳಲ್ಲಿ ಲ್ಯಾರಿ ವಾಲ್ ಅವರು ‘ಪ್ಯಾಚ್’ ಎಂಬ ತಮ್ಮ ಉಪಕರಣವನ್ನು ಸಾರ್ವಜನಿಕವಾಗಿ ಹಂಚಿದರು. ಇವರೇ 1987ರಲ್ಲಿ ಪರ್ಲ್ ಎಂಬ ಗಣಕಭಾಷೆಯನ್ನೂ ಹೊರತಂದರು.

ವಾಲ್ ಅವರ ಉಪಕರಣದ ಹೆಚ್ಚಳ ಯಾವುದೆಂಬುದನ್ನು ಗಮನಿಸಬೇಕು. ‘ಐವತ್ತನೆಯ ಸಾಲನ್ನು ತೆಗೆದು ಇದನ್ನು ಸೇರಿಸು’ ಎಂಬ ಆದೇಶ, ಪಡೆದವನ ಪ್ರತಿಯಲ್ಲಿ ಆ ಸಾಲು ಐವತ್ತೆರಡನೆಯದಾಗಿದ್ದರೆ ಅನರ್ಥಕ್ಕೆ ಕಾರಣವಾಗುತ್ತದೆ. ಬದಲಾವಣೆಯ ಹಿಂದುಮುಂದಿನ ಕೆಲವು ಸಾಲುಗಳನ್ನೂ ಜೊತೆಗೆ ಕಳುಹಿಸಿದರೆ, ‘ಪ್ಯಾಚ್’ ಆ ಸಂದರ್ಭವನ್ನು ಹುಡುಕಿ ಸರಿಯಾದ ಸ್ಥಳವನ್ನು ಗುರುತಿಸುತ್ತಿತ್ತು. ಇದರಿಂದ ಒಬ್ಬರನ್ನೊಬ್ಬರು ಕಾಣದ, ಒಂದೇ ಪ್ರತಿಯನ್ನು ಹೊಂದಿರದ ಇಬ್ಬರು ಒಂದೇ ಕೃತಿಯಲ್ಲಿ ದುಡಿಯುವುದು ಸಾಧ್ಯವಾಯಿತು. 1990ರಲ್ಲಿ ವೇಯ್ನ್ ಡೇವಿಸನ್ ಅವರು ಹಳೆಯ ಸಾಲು, ಹೊಸ ಸಾಲುಗಳನ್ನು ಒಂದೇ ಅಂಕಣದಲ್ಲಿ ಕಳೆಯುವ ಮತ್ತು ಕೂಡುವ ಚಿಹ್ನೆಗಳೊಡನೆ ತೋರಿಸುವ ರೂಪವನ್ನು ತಂದರು. ಯಂತ್ರಕ್ಕೆ ಹಳೆಯ ರೂಪವೂ ಸಾಕಾಗಿತ್ತು. ಹೊಸದರಿಂದ ಹಗುರವಾದದ್ದು ಮನುಷ್ಯನ ಕಣ್ಣಿನ ಕೆಲಸ. ತೇಪೆಯು ಪತ್ರದಲ್ಲಿ ಓದತಕ್ಕ ಬರಹವಾದದ್ದು ಈ ಘಟ್ಟದಲ್ಲಿ ಎಂದು ಹೇಳಬಹುದು.

3

1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ ಅವರು ತಾವು ಒಂದು ಕಾರ್ಯನಿರ್ವಹಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಪ್ರಕಟಿಸಿದರು. ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ಪ್ರತಿಯಲ್ಲಿ ಸುಮಾರು 10,000 ಸಾಲುಗಳಿದ್ದವು. 1994ರ ಮಾರ್ಚಿಯಲ್ಲಿ 1.0 ಆವೃತ್ತಿ ಬಂದಾಗ ಅವು ಸುಮಾರು 1,76,000 ಆಗಿದ್ದವು. 2001ರ ಜನವರಿಯ 2.4 ಆವೃತ್ತಿಯಲ್ಲಿ 33 ಲಕ್ಷವನ್ನು ದಾಟಿದವು. ಮೂಲಪಾಠ ಹೀಗೆ ನೂರಾರು ಪಟ್ಟು ಹಿಗ್ಗಿದರೂ ಕೊನೆಯದಾಗಿ ಓದಿ ಸೇರಿಸುತ್ತಿದ್ದವರು ಒಬ್ಬರೇ. ಟೊರ್ವಾಲ್ಡ್ಸರು ಪತ್ರದಲ್ಲಿ ಬಂದ ತೇಪೆಗಳನ್ನು ತಮ್ಮ ಪ್ರತಿಗೆ ಅನ್ವಯಿಸಿ ಆಗಾಗ ಹೊಸ ಆವೃತ್ತಿಯನ್ನು ಹೊರಡಿಸುತ್ತಿದ್ದರು. ಆವೃತ್ತಿಗಳ ನಡುವಣ ಬದಲಾವಣೆಗಳನ್ನು ಒಂದೊಂದಾಗಿ ದಾಖಲಿಸುವ ಯಾವ ವ್ಯವಸ್ಥೆಯನ್ನೂ ಅವರು ಬಳಸುತ್ತಿರಲಿಲ್ಲ.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಅನೇಕ ತೇಪೆಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಉತ್ತರ ಬಾರದಿದ್ದರೆ ಮತ್ತೆ ಕಳುಹಿಸಬೇಕೆಂಬುದು ಬರೆಯದ ನಿಯಮವಾಗಿತ್ತು. ತಿರಸ್ಕಾರಕ್ಕೂ ಮರೆವಿಗೂ ಭೇದ ತಿಳಿಯದೆ ಕಳುಹಿಸಿದವರು ನೊಂದುಕೊಳ್ಳುತ್ತಿದ್ದರು. 1998ರ ಸೆಪ್ಟೆಂಬರಿನಲ್ಲಿ ಈ ಅಸಮಾಧಾನ ಬಹಿರಂಗ ಕಲಹವಾಯಿತು. ಒಬ್ಬನೇ ಮನುಷ್ಯನ ಶಕ್ತಿಗೆ ಮಿತಿಯುಂಟೆಂದೂ ಅದಕ್ಕೆ ತಕ್ಕ ಸಾಧನ ಬೇಕೆಂದೂ ಲ್ಯಾರಿ ಮೆಕ್‌ವಾಯ್ ಅವರು ಆಗ ವಾದಿಸಿದರು. 2002ರ ಜನವರಿಯಲ್ಲಿ ರಾಬ್ ಲ್ಯಾಂಡ್ಲಿ ಅವರು, ಕಳೆದುಹೋಗುವ ತೇಪೆಗಳನ್ನು ಸಂಗ್ರಹಿಸಿ ಒಪ್ಪಿಸಲು ಒಬ್ಬ ಪ್ರತ್ಯೇಕ ಅಧಿಕಾರಿಯನ್ನು ನೇಮಿಸಬೇಕೆಂದು ಸೂಚಿಸಿದರು. ಟೊರ್ವಾಲ್ಡ್ಸರು ಅದನ್ನು ಒಪ್ಪಲಿಲ್ಲ. ತಾವು ನಂಬುವ ಕೆಲವೇ ಉಪವಿಭಾಗಗಳ ಉಸ್ತುವಾರಿದಾರರ ಮೂಲಕ, ಅವರು ಓದಿ ಸೋಸಿದ ಮೇಲೆ, ಕೆಲಸ ಬರಬೇಕೆಂಬುದು ಅವರ ನಿಲುವಾಗಿತ್ತು.

ಈ ಕಲಹದಲ್ಲಿ ಎರಡು ಪಕ್ಷಗಳೂ ಒಪ್ಪಿದ್ದ ಸಂಗತಿ ಒಂದಿತ್ತು. ಬರೆಯುವವರು ಸಾವಿರ, ಓದುವವರು ಹತ್ತಾರು. ಆದುದರಿಂದ ಶ್ರಮದ ಭಾರವನ್ನು ಓದುವವನಿಂದ ಬರೆಯುವವನ ಕಡೆಗೆ ಸಾಗಿಸುವುದು ಅನಿವಾರ್ಯವಾಯಿತು. ಒಂದು ತೇಪೆ ಒಂದೇ ಸಮಸ್ಯೆಯನ್ನು ಬಿಡಿಸಬೇಕು, ದೊಡ್ಡ ಬದಲಾವಣೆಯನ್ನು ತಾರ್ಕಿಕವಾದ ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು ಎಂಬ ನಿಯಮದ ಬೇರು ಇಲ್ಲಿದೆ. ಈ ನಿಯಮ ಕರ್ನೆಲ್ಲಿನ ಜೊತೆಯಲ್ಲೇ ಹಂಚಲಾಗುವ ಮಾರ್ಗದರ್ಶಕ ಬರಹದಲ್ಲಿ ಸ್ಥಾನ ಪಡೆಯಿತು. ಒಮ್ಮೆಗೆ ಸುಮಾರು ಹದಿನೈದಕ್ಕಿಂತ ಹೆಚ್ಚು ತೇಪೆಗಳನ್ನು ಕಳುಹಿಸದೆ, ವಿಮರ್ಶೆಗಾಗಿ ಕಾಯಬೇಕೆಂಬ ಸೂಚನೆಯೂ ಅದರಲ್ಲಿದೆ.

4

ನಿಯಮದ ಬಲ ತಿಳಿಯುವುದು ಅದನ್ನು ಮೀರಿದವರಿಗೆ ಏನಾಯಿತೆಂಬುದರಿಂದ. 2000ದಿಂದ 2002ರ ವರೆಗಿನ ಅವಧಿಯಲ್ಲಿ ನಡೆದ ಎರಡು ಪ್ರಸಂಗಗಳು ಇದಕ್ಕೆ ಉತ್ತಮ ನಿದರ್ಶನ.

ಮೂಲಪಾಠದಿಂದ ಕರ್ನೆಲ್ಲನ್ನು ಕಟ್ಟುವ ವ್ಯವಸ್ಥೆ ಆಗ ಹಳತಾಗಿತ್ತು. ಕೀತ್ ಓವೆನ್ಸ್ ಅವರು ಅದನ್ನು ಬುಡದಿಂದ ಹೊಸದಾಗಿ ರಚಿಸಿ ‘ಕೆಬಿಲ್ಡ್ 2.5’ ಎಂದು ಹೆಸರಿಟ್ಟರು. ಯಾವ ಭಾಗ ಬೇಕು, ಯಾವುದು ಬೇಡ ಎಂದು ಆರಿಸುವ ವ್ಯವಸ್ಥೆಯನ್ನು ಎರಿಕ್ ರೇಮಂಡ್ ಅವರು ಅದೇ ರೀತಿ ಹೊಸದಾಗಿ ಬರೆದು ‘ಸಿಎಂಎಲ್2’ ಎಂದು ಕರೆದರು. ಇಬ್ಬರೂ ಸಮರ್ಥರು, ಹಳೆಯದರ ದೋಷಗಳನ್ನು ಕುರಿತು ಇಬ್ಬರು ಹೇಳಿದ್ದರಲ್ಲಿ ಬಹಳಷ್ಟು ನಿಜವೂ ಆಗಿತ್ತು. ಆದರೆ ಇಬ್ಬರೂ ತಮ್ಮ ಕೃತಿಯನ್ನು ಇಡಿಯಾಗಿ ಮುಂದಿಟ್ಟರು. ಹಳೆಯದನ್ನು ತೆಗೆದು ಹೊಸದನ್ನು ಒಂದೇ ಸಲಕ್ಕೆ ಸ್ಥಾಪಿಸಬೇಕು, ನಡುವೆ ಮೆಟ್ಟಿಲುಗಳಿಗೆ ಅವಕಾಶವಿಲ್ಲ ಎಂಬುದು ಓವೆನ್ಸರ ಅಭಿಪ್ರಾಯವಾಗಿತ್ತು.

ಎರಡೂ ಪ್ರಧಾನ ಪ್ರತಿಯಲ್ಲಿ ಸೇರಲಿಲ್ಲ. 2002ರಲ್ಲಿ ಕೈ ಗೆರ್ಮಾಶೆವ್ಸ್ಕಿ ಅವರು ಹಳೆಯ ಕಟ್ಟುವ ವ್ಯವಸ್ಥೆಯನ್ನೇ ಹಿಡಿದು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿದ್ದುತ್ತ ಹೋದರು. ಆ ಹೆಜ್ಜೆಗಳು ಒಂದೊಂದಾಗಿ ಸ್ವೀಕೃತವಾದವು. ಆರಿಸುವ ವ್ಯವಸ್ಥೆಯ ವಿಷಯದಲ್ಲಿ, ಹಳೆಯ ಭಾಷೆಗೆ ಹತ್ತಿರವಾಗಿದ್ದ ರೋಮನ್ ಜಿಪ್ಪೆಲ್ ಅವರ ಕೃತಿ 2002ರ ಅಕ್ಟೋಬರಿನಲ್ಲಿ ಸೇರಿತು. ಸಿಎಂಎಲ್2ರ ವಿಷಯದಲ್ಲಿ ಅದು ಪೈಥಾನ್ ಭಾಷೆಯನ್ನು ಅವಲಂಬಿಸಿದ್ದುದು ಮೊದಲಾದ ಇತರ ಆಕ್ಷೇಪಗಳೂ ಇದ್ದವೆಂಬುದನ್ನು ಮರೆಯಬಾರದು. ಆದರೂ ಇಡಿಯಾಗಿ ಬಂದದ್ದು ಹೊರಗೆ ನಿಂತಿತು, ಹೆಜ್ಜೆಹೆಜ್ಜೆಯಾಗಿ ಬಂದದ್ದು ಒಳಗೆ ಸೇರಿತು ಎಂಬ ಪಾಠವನ್ನು ಸಮಕಾಲೀನರು ಚೆನ್ನಾಗಿ ಗ್ರಹಿಸಿದರು.

ಇದನ್ನು ಕೇವಲ ಅಧಿಕಾರದ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಸಾವಿರಾರು ಸಾಲಿನ ಹೊಸ ಕೃತಿಯನ್ನು ಪರೀಕ್ಷಿಸುವವನು ಅದನ್ನು ಪೂರ್ತಿ ನಂಬಬೇಕು ಇಲ್ಲವೇ ಪೂರ್ತಿ ಬಿಡಬೇಕು. ಐವತ್ತು ಸಾಲಿನ ಹೆಜ್ಜೆಯನ್ನು ಓದುವವನಿಗೆ ಲೇಖಕನ ಪರಿಚಯವಿಲ್ಲದಿದ್ದರೂ ತೀರ್ಪು ಕೊಡುವುದು ಸಾಧ್ಯ. ಅಪರಿಚಿತರ ನಡುವೆ ನಂಬಿಕೆಯನ್ನು ಕಂತುಗಳಲ್ಲಿ ಸಂಪಾದಿಸುವ ಉಪಾಯವೇ ಸರಣಿ.

ಈ ಕಥೆಗೆ ಬೆಂಗಳೂರಿನ ಸಂಬಂಧವೂ ಉಂಟು. ಐಬಿಎಂ ಸಂಸ್ಥೆಯು 2000ದಲ್ಲಿ ‘ಡಿಪ್ರೋಬ್ಸ್’ ಎಂಬ ಸಾಧನವನ್ನು ಲಿನಕ್ಸಿಗಾಗಿ ಹೊರತಂದಿತು. ಓಡುತ್ತಿರುವ ಕರ್ನೆಲ್ಲನ್ನು ನಿಲ್ಲಿಸದೆಯೇ ಅದರೊಳಗೆ ಬೇಕಾದ ಸ್ಥಳದಲ್ಲಿ ಶೋಧಕವನ್ನಿಟ್ಟು ಪರೀಕ್ಷಿಸುವುದು ಅದರ ಉದ್ದೇಶ. ಶೋಧಕಗಳನ್ನು ಬರೆಯಲು ತನ್ನದೇ ಆದ ಭಾಷೆಯನ್ನೂ ಅದನ್ನು ನಡೆಸುವ ಯಂತ್ರಾಂಗವನ್ನೂ ಒಳಗೊಂಡ ದೊಡ್ಡ ಕೃತಿ ಅದು. ಅದಕ್ಕೆ ಪ್ರಧಾನ ಪ್ರತಿಯಲ್ಲಿ ಸ್ಥಾನ ದೊರೆಯಲಿಲ್ಲ. ಅನಂತರ ಆ ಸಂಸ್ಥೆಯ ಭಾರತದ ತಂತ್ರಜ್ಞರು, ಬೆಂಗಳೂರಿನ ಲಿನಕ್ಸ್ ತಂತ್ರಜ್ಞಾನ ಕೇಂದ್ರದವರು, ಅದರ ತಿರುಳಾದ ಅತಿ ಸಣ್ಣ ಭಾಗವನ್ನು ಮಾತ್ರ ಬಿಡಿಸಿ ‘ಕೆಪ್ರೋಬ್ಸ್’ ಎಂಬ ಹೆಸರಿನಿಂದ ಮುಂದಿಟ್ಟರು. 2002ರಿಂದ 2004ರ ವರೆಗೆ ಇತರ ದೇಶಗಳ ವಿಮರ್ಶಕರ ಸಲಹೆಯಂತೆ ಅದನ್ನು ಮತ್ತೆ ಮತ್ತೆ ತಿದ್ದಿದರು. 2004ರ ಅಕ್ಟೋಬರಿನ 2.6.9 ಆವೃತ್ತಿಯಲ್ಲಿ ಅದು ಸೇರಿತು. ಆ ಕಡತದ ತಲೆಯಲ್ಲಿ ಯಾರು ಯಾವ ತಿಂಗಳಲ್ಲಿ ಯಾರ ಸಲಹೆಯಂತೆ ಏನು ಸೇರಿಸಿದರೆಂಬ ಟಿಪ್ಪಣಿ ಇದೆ. ಅದರಲ್ಲಿ ಭಾರತೀಯ ಹೆಸರುಗಳನ್ನು ಕಾಣುತ್ತೇವೆ. ದೊಡ್ಡ ಕೃತಿ ಕಾಲಗರ್ಭಕ್ಕೆ ಸೇರಿತು. ಒಳಗೆ ಪ್ರವೇಶ ಪಡೆದ ಸಣ್ಣ ತುಣುಕಿನ ಮೇಲೆ ಮುಂದೆ ಅನೇಕ ಪರೀಕ್ಷಾ ಸಾಧನಗಳು ನಿಂತವು.

5

ಪದ್ಧತಿ ನೆಲೆಗೊಂಡ ಮೇಲೆ ಅದಕ್ಕೆ ತಕ್ಕ ಸಾಧನಗಳು ಬಂದವು. ತಮ್ಮ ಬಳಿಗೆ ಬರುವ ನೂರಾರು ತೇಪೆಗಳನ್ನು ಕ್ರಮದಲ್ಲಿ ಇರಿಸಿಕೊಳ್ಳಲು ಆಂಡ್ರ್ಯೂ ಮಾರ್ಟನ್ ಅವರು ಬರೆದುಕೊಂಡಿದ್ದ ಸಣ್ಣ ಸಾಧನಗಳಿಂದ ‘ಕ್ವಿಲ್ಟ್’ ಹುಟ್ಟಿತು. ಚೂರುಬಟ್ಟೆಗಳನ್ನು ಜೋಡಿಸಿ ಹೊಲಿದ ಹೊದಿಕೆಗೆ, ನಮ್ಮ ಕೌದಿಯಂತಹದಕ್ಕೆ, ಇಂಗ್ಲಿಷಿನಲ್ಲಿರುವ ಹೆಸರು ಅದು. ಹೆಸರಿಟ್ಟವರ ಔಚಿತ್ಯಪ್ರಜ್ಞೆ ಮೆಚ್ಚತಕ್ಕದ್ದು. ತೇಪೆಗಳ ಅನುಕ್ರಮವನ್ನು ಸೂಚಿಸುವ ಕಡತಕ್ಕೆ ಅದರಲ್ಲಿ ‘ಸೀರೀಸ್’ ಎಂದೇ ಹೆಸರು.

2003ರ ಮಾರ್ಚಿಯಲ್ಲಿ ಎಸ್‌ಸಿಒ ಸಂಸ್ಥೆ ಐಬಿಎಂ ಮೇಲೆ ಹೂಡಿದ ದಾವೆಯಿಂದ, ಕರ್ನೆಲ್ಲಿನ ಪ್ರತಿಯೊಂದು ಸಾಲಿನ ಮೂಲ ಯಾವುದೆಂಬ ಪ್ರಶ್ನೆ ನ್ಯಾಯಾಲಯದ ಪ್ರಶ್ನೆಯಾಯಿತು. 2004ರ ಮೇ ತಿಂಗಳಲ್ಲಿ ಟೊರ್ವಾಲ್ಡ್ಸರು, ಪ್ರತಿ ತೇಪೆಯ ಕೊನೆಗೆ ಅದನ್ನು ಬರೆದವನೂ ಕೈಯಿಂದ ಕೈಗೆ ಸಾಗಿಸಿದವರೂ ತಮ್ಮ ಹೆಸರನ್ನು ‘ಸೈನ್ಡ್-ಆಫ್-ಬೈ’ ಎಂಬ ಒಕ್ಕಣೆಯೊಡನೆ ಬರೆಯಬೇಕೆಂಬ ಕ್ರಮವನ್ನು ತಂದರು. ಅಂದಿನಿಂದ ತೇಪೆಯು ರುಜುವುಳ್ಳ ಪತ್ರವಾಯಿತು.

2002ರ ಫೆಬ್ರವರಿಯಿಂದ ಟೊರ್ವಾಲ್ಡ್ಸರು ಮೆಕ್‌ವಾಯ್ ಅವರ ‘ಬಿಟ್‌ಕೀಪರ್’ ಎಂಬ ಸಾಧನವನ್ನು ಬಳಸುತ್ತಿದ್ದರು. 2005ರ ಏಪ್ರಿಲಿನಲ್ಲಿ ಅದರ ಉಚಿತ ಬಳಕೆಯ ಅನುಮತಿ ನಿಂತುಹೋದಾಗ ಅವರು ‘ಗಿಟ್’ ಎಂಬ ಹೊಸ ಸಾಧನವನ್ನು ಕೆಲವೇ ದಿನಗಳಲ್ಲಿ ರಚಿಸಿದರು. ಅದೇ ವರ್ಷದ ಜುಲೈಯಲ್ಲಿ ಅದರ ಉಸ್ತುವಾರಿಯನ್ನು ಜೂನಿಯೊ ಹಮಾನೊ ಅವರು ವಹಿಸಿಕೊಂಡರು. ಬದಲಾವಣೆಗಳನ್ನು ಸಂಖ್ಯೆ ಹಾಕಿದ ಪತ್ರಗಳಾಗಿ ಮಾರ್ಪಡಿಸುವುದು, ಬಂದ ಪತ್ರಗಳನ್ನು ಮತ್ತೆ ಬದಲಾವಣೆಗಳಾಗಿ ಸೇರಿಸುವುದು, ಕಳುಹಿಸುವ ಮೊದಲು ಹೆಜ್ಜೆಗಳ ಕ್ರಮವನ್ನು ಹಿಂದುಮುಂದು ಮಾಡುವುದು, ಎರಡನ್ನು ಒಂದಾಗಿಸುವುದು, ಒಂದನ್ನು ಎರಡಾಗಿ ಒಡೆಯುವುದು ಇವೆಲ್ಲಕ್ಕೂ ಗಿಟ್‌ನಲ್ಲಿ ಆದೇಶಗಳು ಏರ್ಪಟ್ಟವು.

ಹೀಗೆ ಸಿದ್ಧವಾದ ಸರಣಿಯ ರೂಪವನ್ನು ಒಂದು ಸರಳವಾದ ಉದಾಹರಣೆಯಿಂದ ತಿಳಿಯಬಹುದು. ಕರ್ನೆಲ್ಲಿನ ಹತ್ತು ವಿಭಾಗಗಳಲ್ಲಿ ಬಳಕೆಯಲ್ಲಿರುವ ಒಂದು ಹಳೆಯ ಕ್ರಿಯೆಯ ಬದಲಿಗೆ ಹೊಸದನ್ನು ತರಬೇಕಾಗಿದೆ ಎಂದು ಭಾವಿಸೋಣ. ಹಳೆಯದನ್ನು ಮುಟ್ಟದೆ ಹೊಸದನ್ನು ಅದರ ಪಕ್ಕದಲ್ಲಿ ಸೇರಿಸುವುದು ಮೊದಲ ತೇಪೆ. ಒಂದೊಂದು ವಿಭಾಗವನ್ನು ಹಳೆಯದರಿಂದ ಹೊಸದಕ್ಕೆ ದಾಟಿಸುವುದು ಅನಂತರದ ಹತ್ತು ತೇಪೆಗಳು. ಯಾರೂ ಬಳಸದೆ ಉಳಿದ ಹಳೆಯದನ್ನು ಕಿತ್ತುಹಾಕುವುದು ಕೊನೆಯ ತೇಪೆ. ಒಟ್ಟು ಹನ್ನೆರಡಾದರೆ ಮೂರನೆಯ ಪತ್ರದ ತಲೆಯಲ್ಲಿ ‘ಪ್ಯಾಚ್ 3/12’ ಎಂದಿರುತ್ತದೆ. ಎಲ್ಲಕ್ಕೂ ಮುಂದೆ ‘0/12’ ಎಂಬ ಪೀಠಿಕಾಪತ್ರವಿರುತ್ತದೆ. ಅದರಲ್ಲಿ ಸಂಕೇತವಿರುವುದಿಲ್ಲ, ಸಮಸ್ಯೆ ಏನು, ಈ ಮಾರ್ಗವೇ ಏಕೆ, ಎಂದು ಮಾತ್ರ ಬರೆದಿರುತ್ತದೆ. ವಿಮರ್ಶೆಯ ನಂತರ ತಿದ್ದಿದ ಸರಣಿಯನ್ನು ಎರಡನೆಯ, ಮೂರನೆಯ ಪಾಠವೆಂದು ಸಂಖ್ಯೆಯೊಡನೆ ಇಡಿಯಾಗಿ ಮತ್ತೆ ಕಳುಹಿಸುತ್ತಾರೆ.

ಈ ಹನ್ನೆರಡು ಹೆಜ್ಜೆಗಳಲ್ಲಿ ಯಾವುದರ ಬಳಿ ನಿಂತರೂ ಕರ್ನೆಲ್ ಕಟ್ಟಲು ಬರಬೇಕು, ಓಡಬೇಕು ಎಂಬುದು ಕಟ್ಟುನಿಟ್ಟಾದ ನಿಯಮ. ಇದಕ್ಕೆ ಒಂದು ಪ್ರಾಯೋಗಿಕ ಕಾರಣವೂ ಇದೆ. ಎರಡು ಆವೃತ್ತಿಗಳ ನಡುವೆ ಸಾವಿರ ಬದಲಾವಣೆಗಳಾಗಿ, ಅವುಗಳಲ್ಲಿ ಯಾವುದೋ ಒಂದು ದೋಷವನ್ನು ತಂದಿದ್ದರೆ, ನಡುವಣದನ್ನು ಪರೀಕ್ಷಿಸಿ ಅರ್ಧವನ್ನು ಬಿಡುತ್ತ ಹೋದಲ್ಲಿ ಸುಮಾರು ಹತ್ತು ಪರೀಕ್ಷೆಗಳಲ್ಲಿ ಅದು ಸಿಕ್ಕಿಬೀಳುತ್ತದೆ. ನಡುವಣ ಯಾವುದಾದರೂ ಹೆಜ್ಜೆ ಕಟ್ಟಲು ಬಾರದಂತೆ ಮುರಿದಿದ್ದರೆ ಈ ಅನ್ವೇಷಣೆಗೆ ಅಲ್ಲಿ ಅಡ್ಡಿಯಾಗುತ್ತದೆ. ವರ್ಷಗಳ ನಂತರ ದೋಷವನ್ನು ಹುಡುಕುವ, ಇನ್ನೂ ಹೆಸರೇ ತಿಳಿಯದ ಒಬ್ಬನ ಅನುಕೂಲಕ್ಕಾಗಿ ಇಂದಿನವನು ಶ್ರಮಪಡಬೇಕೆಂಬ ಧರ್ಮ ಇದರಲ್ಲಿ ಅಡಗಿದೆ.

6

ಈ ಪದ್ಧತಿಯ ಶಕ್ತಿಯನ್ನೂ ಅದು ಕೇಳುವ ಬೆಲೆಯನ್ನೂ ಒಟ್ಟಿಗೆ ತೋರಿಸುವ ಪ್ರಸಂಗವೆಂದರೆ ನಿಯತಕಾಲ ಲಿನಕ್ಸಿನದು. ಕಾರ್ಖಾನೆಯ ಯಂತ್ರವನ್ನೋ ರೋಬೋಟಿನ ತೋಳನ್ನೋ ನಡೆಸುವ ಗಣಕ, ಸೂಚನೆ ಬಂದ ಮೇಲೆ ಗೊತ್ತಾದ ಅವಧಿಯೊಳಗೆ ತಪ್ಪದೆ ಪ್ರತಿಕ್ರಿಯಿಸಬೇಕು. ಸಾಮಾನ್ಯ ಕರ್ನೆಲ್ಲಿನಲ್ಲಿ ಆ ಭರವಸೆ ಇರಲಿಲ್ಲ. 2004ರ ಅಕ್ಟೋಬರಿನಿಂದ ಇಂಗೊ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಅದನ್ನು ಸಾಧಿಸುವ ತೇಪೆಗಳನ್ನು ಬರೆಯತೊಡಗಿದರು. ಅವು ಕರ್ನೆಲ್ಲಿನ ಮೂಲಾಧಾರವಾದ ಬೀಗಗಳ ವ್ಯವಸ್ಥೆಯನ್ನೇ ಮಾರ್ಪಡಿಸುತ್ತಿದ್ದುದರಿಂದ, ಇಡಿಯಾಗಿ ಒಪ್ಪಿಸುವ ಮಾತೇ ಇರಲಿಲ್ಲ.

ಅವರು ತಮ್ಮ ಕೃತಿಯನ್ನು ಭಾಗಭಾಗವಾಗಿ, ಪ್ರತಿಯೊಂದು ಭಾಗವೂ ಎಲ್ಲರಿಗೂ ಉಪಯುಕ್ತವಾಗುವಂತೆ ಒಡೆದರು. 2006ರ ಮಾರ್ಚಿಯ 2.6.16 ಆವೃತ್ತಿಯಲ್ಲಿ ಹೊಸ ಬಗೆಯ ಬೀಗಗಳೂ ಸೂಕ್ಷ್ಮ ಕಾಲಮಾಪಕಗಳ ಅಡಿಪಾಯವೂ ಸೇರಿದವು. ಅದೇ ವರ್ಷದ ಸೆಪ್ಟೆಂಬರಿನ 2.6.18ರಲ್ಲಿ, ಬೀಗಗಳ ತಪ್ಪು ಬಳಕೆಯನ್ನು ಹಿಡಿದುಕೊಡುವ ಪರೀಕ್ಷಕ ಸೇರಿತು. 2009ರ 2.6.30ರಲ್ಲಿ ಯಂತ್ರಭಾಗಗಳ ಕರೆಗಳಿಗೆ ಪ್ರತ್ಯೇಕ ಕಾರ್ಯಸೂತ್ರಗಳಲ್ಲಿ ಉತ್ತರ ಕೊಡುವ ಕ್ರಮ ಬಂದಿತು. ಬೀಗಗಳ ಮುಖ್ಯ ಭಾಗ ಸೇರಿದ್ದು 2021ರ 5.15ರಲ್ಲಿ. ನಡುವೆ ಹಣದ ಅಭಾವದಿಂದ ಕೆಲಸ ಕುಂಟಿತು. ಹೀಗೆಯೇ ಆದರೆ ಇದು ಬಿಡುವಿನ ಹವ್ಯಾಸವಾಗಿ ಉಳಿದೀತೆಂದು 2014ರಲ್ಲಿ ಗ್ಲೈಕ್ಸ್‌ನರ್ ಅವರು ಬಹಿರಂಗವಾಗಿ ಎಚ್ಚರಿಸಿದರು. 2015ರಲ್ಲಿ ಲಿನಕ್ಸ್ ಫೌಂಡೇಶನ್ ನೆರವಿಗೆ ಬಂದಿತು. 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾ ನಗರದಲ್ಲಿ ಸಮ್ಮೇಳನ ನಡೆಯುತ್ತಿದ್ದಾಗ, ಕೊನೆಯ ಭಾಗವನ್ನು ಸೇರಿಸಿಕೊಳ್ಳಬೇಕೆಂಬ ವಿನಂತಿಯನ್ನು ಕಾಗದದ ಮೇಲೆ ಮುದ್ರಿಸಿ, ಚಿನ್ನದ ಬಣ್ಣದ ಹೊದಿಕೆ ಸುತ್ತಿ, ಗ್ಲೈಕ್ಸ್‌ನರ್ ಅವರು ಟೊರ್ವಾಲ್ಡ್ಸರ ಕೈಗೆ ಕೊಟ್ಟರು. ಆ ವರ್ಷದ ನವೆಂಬರ್ 17ರಂದು ಹೊರಬಂದ 6.12 ಆವೃತ್ತಿಯಲ್ಲಿ ಅದು ಸೇರಿತ್ತು. ಇಪ್ಪತ್ತು ವರ್ಷಗಳ ಸರಣಿ ಅಲ್ಲಿಗೆ ಮುಗಿಯಿತು.

ಇದನ್ನು ತಾಳ್ಮೆಯ ವಿಜಯವೆಂದು ಹೊಗಳುವುದು ಸುಲಭ. ಆದರೆ ಇತಿಹಾಸಕಾರನು ಇನ್ನೊಂದು ಮುಖವನ್ನೂ ನೋಡಬೇಕು. ಇಪ್ಪತ್ತು ವರ್ಷ ಕಾಯಲು ಆಶ್ರಯವೂ ಸಂಬಳವೂ ಬೇಕು. ವಿರಾಮವೇಳೆಯಲ್ಲಿ ದುಡಿಯುವ ಒಂಟಿ ಉತ್ಸಾಹಿಗೆ ಸರಣಿಯ ಒಂಬತ್ತನೆಯ ಪಾಠವನ್ನು ಬರೆಯುವ ತಾಳ್ಮೆ ಇರಬಹುದು, ಕಾಲವಿರುವುದಿಲ್ಲ. ಓದುವವನ ಭಾರವನ್ನು ಬರೆಯುವವನ ಮೇಲೆ ಹೊರಿಸಿದ ಪದ್ಧತಿ, ಭಾರ ಹೊರಲಾರದವರನ್ನು ಸದ್ದಿಲ್ಲದೆ ಹೊರಗಿಟ್ಟಿದೆ ಎಂಬುದನ್ನೂ ಒಪ್ಪಬೇಕು. ಅಂತಹವರ ಹೆಸರು ದಾಖಲೆಯಲ್ಲಿ ಬರುವುದಿಲ್ಲವಾದ್ದರಿಂದ ಅವರ ಸಂಖ್ಯೆಯನ್ನು ಎಣಿಸುವ ಮಾರ್ಗವಿಲ್ಲ.

ಸಣ್ಣ ಹೆಜ್ಜೆಗಳು ಪ್ರಾಮಾಣಿಕತೆಗೆ ಖಾತರಿಯೂ ಅಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಅವರು, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಮುಕ್ತ ತಂತ್ರಾಂಶದಲ್ಲಿ ಗುಪ್ತ ಕಳ್ಳಬಾಗಿಲು ಇರುವುದನ್ನು ಬಯಲು ಮಾಡಿದರು. ಪ್ರವೇಶಕ್ಕೆ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದು ಅವರ ಸಂಶಯಕ್ಕೆ ಕಾರಣ. ಅದನ್ನಿಟ್ಟವನು ಕಲ್ಪಿತನಾಮದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ತೇಪೆಗಳನ್ನು ಕಳುಹಿಸಿ ನಂಬಿಕೆ ಗಳಿಸಿ, ಉಸ್ತುವಾರಿಯ ಸ್ಥಾನಕ್ಕೇ ಏರಿದ್ದನು. ಆದರೆ ವಿಷವಿದ್ದ ಸ್ಥಳವನ್ನು ಗಮನಿಸಬೇಕು. ಅದರ ಮುಖ್ಯಾಂಶ, ಪರೀಕ್ಷೆಗೆಂದು ಇರಿಸಿದ, ಮನುಷ್ಯರು ಓದಲಾಗದ ಕಡತಗಳಲ್ಲಿತ್ತು. ಅದನ್ನು ಎಬ್ಬಿಸುವ ಸಾಲುಗಳು ಸಾರ್ವಜನಿಕ ಭಂಡಾರದಲ್ಲಿರದೆ, ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇದ್ದವು. ವಂಚಕನು ಓದಬಹುದಾದ ದಾರಿಯನ್ನು ಬಿಟ್ಟು ಓದಲಾಗದ ದಾರಿಯನ್ನು ಹಿಡಿದನು. ಓದುಗನ ಕಣ್ಣಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದು ವಿಪರೀತ ಮಾರ್ಗದಿಂದ ಬಂದ ಸಾಕ್ಷ್ಯ.

7

ಕೊನೆಯದಾಗಿ, ಸರಣಿಯು ಇತಿಹಾಸದ ಆಕರವಾಗಿ ಎಷ್ಟು ಗ್ರಾಹ್ಯವೆಂಬ ಪ್ರಶ್ನೆ. ಕರ್ನೆಲ್ಲಿನ ಭಂಡಾರವನ್ನು ತೆರೆದರೆ ಪ್ರತಿ ಸಾಲನ್ನು ಯಾರು, ಯಾವಾಗ, ಏಕೆ ಸೇರಿಸಿದರೆಂಬ ವಿವರ ದೊರೆಯುತ್ತದೆ. ಇಷ್ಟು ನಿಬಿಡವಾದ ಆಕರ ಬೇರೆ ಕಾಲದ ಇತಿಹಾಸಕಾರರಿಗೆ ದೊರೆತಿರಲಿಲ್ಲವೆಂದು ಸಂತೋಷಪಡುವುದು ಸಹಜ. ಆದರೆ ಮೂರು ಎಚ್ಚರಿಕೆಗಳು ಅವಶ್ಯ.

ಮೊದಲನೆಯದಾಗಿ, ಈ ಭಂಡಾರ ಆದಿಯಿಂದ ಆರಂಭವಾಗುವುದಿಲ್ಲ. 2005ರ ಏಪ್ರಿಲ್ 16ರಂದು ಟೊರ್ವಾಲ್ಡ್ಸರು 2.6.12ರ ಒಂದು ಪೂರ್ವಪಾಠವನ್ನು ಇಡಿಯಾಗಿ ಗಿಟ್‌ಗೆ ಸೇರಿಸಿದರು. ಹಿಂದಿನ ಚರಿತ್ರೆ ಲಭ್ಯವಿದ್ದರೂ ಗಾತ್ರದ ಕಾರಣದಿಂದ ಅದನ್ನು ಬಿಟ್ಟಿರುವುದಾಗಿ ಅಲ್ಲಿಯೇ ಬರೆದರು. ಬಿಟ್‌ಕೀಪರ್ ಕಾಲದ ದಾಖಲೆಯನ್ನು ಪ್ರತ್ಯೇಕ ಭಂಡಾರವಾಗಿ ಉಳಿಸಿದವರು ಮೇಲೆ ಹೇಳಿದ ಗ್ಲೈಕ್ಸ್‌ನರ್ ಅವರೇ. ಅದಕ್ಕೂ ಹಿಂದಿನ ಕಾಲಕ್ಕೆ ಹೊರಡಿಸಿದ ಆವೃತ್ತಿಗಳೂ ಪತ್ರಗಳೂ ಮಾತ್ರ ಆಧಾರ.

ಎರಡನೆಯದಾಗಿ, ಸರಣಿಯ ಹೆಜ್ಜೆಗಳ ಕ್ರಮ ಕೆಲಸ ನಡೆದ ಕ್ರಮವಲ್ಲ. ಲೇಖಕನು ಎಡವಿದ್ದು, ದಾರಿ ತಪ್ಪಿ ಹಿಂದಿರುಗಿದ್ದು, ಕೊನೆಗೆ ಹೊಳೆದದ್ದನ್ನು ಮೊದಲಿಗೆ ತಂದದ್ದು ಇವೆಲ್ಲ ಕಳುಹಿಸುವ ಮುನ್ನವೇ ಅಳಿಸಿಹೋಗುತ್ತವೆ. ಮೊದಲ ತೇಪೆ ಹಲವು ವೇಳೆ ಕೊನೆಗೆ ಬರೆದದ್ದಾಗಿರುತ್ತದೆ. ಶಾಸನವನ್ನು ಕಲ್ಲಿನಲ್ಲಿ ಕಂಡರಿಸುವ ವೇಳೆಗೆ ದಾನದ ಹಿಂದಿದ್ದ ವ್ಯಾಜ್ಯ ಮರೆಯಾಗಿರುವಂತೆ, ಇಲ್ಲಿಯೂ ನಮಗೆ ಸಿಗುವುದು ಒಪ್ಪಿತವಾದ ಪಾಠ.

ಮೂರನೆಯದಾಗಿ, ಚರ್ಚೆಯ ಬಹುಭಾಗ ಭಂಡಾರದ ಹೊರಗಿದೆ. ಹಿಂದಿನ ಪಾಠಕ್ಕೂ ಇದಕ್ಕೂ ಏನು ವ್ಯತ್ಯಾಸವೆಂಬ ಟಿಪ್ಪಣಿಯನ್ನು ಪತ್ರದಲ್ಲಿ ಒಂದು ಅಡ್ಡಗೆರೆಯ ಕೆಳಗೆ ಬರೆಯುವುದು ವಾಡಿಕೆ. ತೇಪೆಯನ್ನು ಸೇರಿಸುವಾಗ ಆ ಗೆರೆಯ ಕೆಳಗಿನ ಮಾತು ತಾನಾಗಿ ಉದುರಿಹೋಗುತ್ತದೆ. ಸಂಕೇತವಿಲ್ಲದ ಪೀಠಿಕಾಪತ್ರವೂ ಸಾಮಾನ್ಯವಾಗಿ ಭಂಡಾರದಲ್ಲಿ ಉಳಿಯುವುದಿಲ್ಲ. ‘ಏಕೆ ಹೀಗೆ’ ಎಂಬುದಕ್ಕೆ ಉತ್ತರ ಬೇಕಾದವನು ಸಾರ್ವಜನಿಕ ಪತ್ರವ್ಯವಹಾರದ ಸಂಗ್ರಹಗಳಿಗೆ ಹೋಗಿ, ಒಂದನೆಯ ಪಾಠದಿಂದ ಕೊನೆಯ ಪಾಠದವರೆಗೆ ಹೋಲಿಸಿ ಓದಬೇಕು. ತಿರಸ್ಕೃತವಾದ ಸರಣಿಗಳಂತೂ ಅಲ್ಲಿ ಮಾತ್ರ ಇವೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವ ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಕೆಲಸ ಅಪರಿಚಿತವೇನಲ್ಲ.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ತೇಪೆಗಳ ಸರಣಿ, ಅಪರಿಚಿತನಿಗೆ ಅರ್ಥವಾಗುವಂತೆ ಬದಲಾವಣೆಯನ್ನು ವಿವರಿಸುವ ಒಂದು ಶಿಸ್ತು. ಅದು ಸ್ಪಷ್ಟತೆಯನ್ನು ಗಳಿಸಿದ್ದು ನಡೆದದ್ದನ್ನು ನಡೆದಂತೆ ಹೇಳುವುದನ್ನು ಬಿಟ್ಟು. ಕಟ್ಟುವವನಿಗೆ ಈ ವಿನಿಮಯ ಲಾಭದಾಯಕ. ಅವನಿಗೆ ಬೇಕಾದದ್ದು ನಿಲ್ಲುವ ಕಟ್ಟಡ. ಇತಿಹಾಸದ ವಿದ್ಯಾರ್ಥಿಗಾದರೋ ಕಟ್ಟಡದಷ್ಟೇ ಅದನ್ನು ಕಟ್ಟುವಾಗ ಬಿದ್ದ ಗೋಡೆಗಳೂ ಬೇಕು. ಕೆಬಿಲ್ಡ್ 2.5ರ ಓವೆನ್ಸರೂ ಡಿಪ್ರೋಬ್ಸ್‌ನ ಮೊದಲ ಕರ್ತೃಗಳೂ ಮುಂದಿಟ್ಟ ಆ ಕೃತಿಗಳು ಪ್ರಧಾನ ಪ್ರತಿಯಲ್ಲಿ ಸೇರದಿದ್ದರೂ, ಅವರನ್ನು ಬಿಟ್ಟು ಆ ಪ್ರತಿಯ ಚರಿತ್ರೆಯನ್ನು ಬರೆಯಲಾಗದು.